ಮಳೆಗಾಲ ಕಳೆದ ಮೇಲೆ ರೈಫಲ್ ಗುರಿ ತಪ್ಪುತ್ತಿದೆಯಾ? ಸ್ಕೋಪ್ ತಿರುಗಿಸುವ ಮೊದಲು ಇವಿಷ್ಟು ನೋಡಿ

ಸೆಪ್ಟೆಂಬರ್ 3ರ ಹೊತ್ತಿಗೆ ಕೊಡಗಿನ ಮನೆಗಳಲ್ಲಿ ಕೋವಿ ಹೊರಗೆ ಬರುತ್ತದೆ. ಕೈಲ್‌ಪೊಳ್ದ್ ಹಬ್ಬ. ಒರೆಸಿ, ತೋಕ್ ಪೂ ಎಂಬ ಹೂವು ಮುಡಿಸಿ, ಪೂಜೆಗೆ ಇಡುತ್ತಾರೆ. ಊಟ ಆದ ಮೇಲೆ ಎಲ್ಲರೂ ಮೈದಾನಕ್ಕೆ, ತೆಂಗಿನಕಾಯಿಗೆ ಗುಂಡು ಹೊಡೆಯಲಿಕ್ಕೆ. ಏಪ್ರಿಲ್‌ನಲ್ಲಿ ಐದಕ್ಕೆ ಐದು ಕಾಯಿ ಒಡೆದಿದ್ದ .22 (ಗುಂಡಿನ ಅಗಲ, ಇಂಚಿನಲ್ಲಿ) ರೈಫಲ್ ಅವತ್ತು ಒಂದು ಕಾಯಿಯನ್ನೂ ಮುಟ್ಟುವುದಿಲ್ಲ. ಹಿಂದೆ ನಿಂತವರು ನಗುತ್ತಾರೆ. ಯಾರೋ ಒಬ್ಬರು "ಸ್ಕೋಪ್ ಸ್ವಲ್ಪ ತಿರುಗಿಸಿ ನೋಡು" ಅನ್ನುತ್ತಾರೆ.

ಸ್ಕೋಪ್ ಅಂದರೆ ಕೋವಿಯ ಮೇಲೆ ಕೂರಿಸುವ, ಗುರಿ ಹಿಡಿಯುವ ದುರ್ಬೀನು. ಅದರ ನಾಬ್ ನಾನು ತಿರುಗಿಸಿದೆ. ಎಡಕ್ಕೆ ನಾಲ್ಕು ಕ್ಲಿಕ್, ಮೇಲಕ್ಕೆ ಆರು, ಮತ್ತೆ ಬಲಕ್ಕೆ ಎರಡು. ಐವತ್ತು ತೋಟೆಯ ಡಬ್ಬಿ ಮುಗಿಯಿತು. ಸಂಜೆಗೆ ನನಗೆ ಗೊತ್ತಾಗಿದ್ದು ಒಂದೇ. ಕೋವಿಯ ದೋಷ ಏನೆಂದು ತಿಳಿಯಲಿಲ್ಲ, ಏಪ್ರಿಲ್‌ನಲ್ಲಿ ಸ್ಕೋಪ್ ಎಲ್ಲಿತ್ತು ಅನ್ನುವುದೂ ಮರೆತುಹೋಯಿತು. ಮೊದಲು ಒಂದು ಸಮಸ್ಯೆ ಇತ್ತು, ಈಗ ಎರಡು.

ಆ ದಡ್ಡತನದಿಂದ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಸುಲಭದ್ದು, ಖರ್ಚಿಲ್ಲದ್ದು ಮೊದಲು. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಸ್ಕೋಪಿನ ನಾಬ್ ಕೊನೆಗೆ.

ಇನ್ನೊಂದು ಮಾತು. ಈ ರೈಫಲ್‌ಗಳಲ್ಲಿ ಎಷ್ಟೋ ಅಜ್ಜಂದಿರ ಕಾಲದಲ್ಲಿ ಶಿಕಾರಿಗೆಂದೇ ಕೊಂಡವು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಆ ಬಾಗಿಲು ಮುಚ್ಚಿತು. ಈಗ ಅವುಗಳ ಕೆಲಸ ಹಬ್ಬ, ತೆಂಗಿನಕಾಯಿ, ಕಾಗದದ ಗುರಿ. ಇಲ್ಲಿ ಹೇಳುವುದು .22 ಮತ್ತು .315 ಥರದ ರೈಫಲ್‌ಗಳಿಗೆ. ಚರೆ ಹೊಡೆಯುವ 12 ಬೋರ್‌ನ ಕತೆಯೇ ಬೇರೆ.

ಮೊದಲು ಕೋವಿ ಖಾಲಿ ಮಾಡಿ

ಮ್ಯಾಗಜೀನ್ ತೆಗೆಯಿರಿ. ಆಮೇಲೆ ಬೋಲ್ಟ್, ಅಂದರೆ ತೋಟೆಯನ್ನು ಒಳಗೆ ತಳ್ಳಿ ಹಿಂದಿನಿಂದ ಮುಚ್ಚುವ ಭಾಗ, ಎಳೆಯಿರಿ. ಹಿಂದುಮುಂದು ಮಾಡಿದರೆ ಬೋಲ್ಟ್ ಮುಚ್ಚುವಾಗ ಮ್ಯಾಗಜೀನಿನಿಂದ ಇನ್ನೊಂದು ತೋಟೆ ಒಳಗೆ ಹೋಗಿ ಕೂರುತ್ತದೆ. ತೋಟೆ ಕೂರುವ ಜಾಗ, ಅಂದರೆ ಚೇಂಬರನ್ನು ಕಣ್ಣಲ್ಲಿ ನೋಡಿ, ಬೆರಳ ತುದಿಯಿಂದ ಮುಟ್ಟಿಯೂ ನೋಡಿ. ತೋಟೆಗಳನ್ನು ಬೇರೆ ಕೋಣೆಯಲ್ಲಿ ಇಟ್ಟು ಬನ್ನಿ. ಮೇಜಿನ ಮೇಲೆ ಕೋವಿ ಬಿಚ್ಚುವಾಗ ಅದೇ ಮೇಜಿನ ಮೇಲೆ ತೋಟೆ ಇರಬಾರದು.

ಈಗ ಬೋಲ್ಟ್ ಪೂರ್ತಿ ಹೊರಗೆ ತೆಗೆದು, ಹಿಂದಿನಿಂದ ಬೆಳಕಿನ ಕಡೆಗೆ ಬ್ಯಾರಲ್ ಒಳಗೆ ನೋಡಿ. ದುಂಡಗೆ ಬೆಳಕು ಕಾಣಬೇಕು. ನಮ್ಮ ಕಡೆ ಮೂರು ತಿಂಗಳು ಮೂಲೆಯಲ್ಲಿ ನಿಂತ ಬ್ಯಾರಲ್ ಒಳಗೆ ಏನೇನೋ ಇರುತ್ತದೆ. ಕಡಜ ಕಟ್ಟಿದ ಮಣ್ಣಿನ ಗೂಡು, ತೇವ ಹೋಗದಿರಲಿ ಎಂದು ಬಾಯಿಗೆ ತುರುಕಿ ಮರೆತ ಬಟ್ಟೆ, ಗಟ್ಟಿಯಾದ ಎಣ್ಣೆ. "ಒಂದು ಗುಂಡು ಹೊಡೆದರೆ ಹೋಗುತ್ತೆ ಬಿಡಿ" ಅನ್ನುವವರ ಮಾತು ಕೇಳಬೇಡಿ. ತಡೆ ಇರುವಾಗ ಹೊಡೆದರೆ ಬ್ಯಾರಲ್ ಉಬ್ಬುತ್ತದೆ, ಸೀಳಲೂಬಹುದು. ಮುಖ ಅದರ ಪಕ್ಕದಲ್ಲೇ ಇರುತ್ತದೆ, ಅಲ್ವಾ?

ಕಾಯಿ ಬಿಡಿ, ಕಾಗದಕ್ಕೆ ಹೊಡೆಯಿರಿ

ತೆಂಗಿನಕಾಯಿ ಒಡೆಯಿತು ಇಲ್ಲವೇ ಒಡೆಯಲಿಲ್ಲ, ಅಷ್ಟೇ ಹೇಳುತ್ತದೆ. ಗುಂಡು ಎಲ್ಲಿಗೆ ಹೋಯಿತು ಎಂದು ಹೇಳುವುದು ಕಾಗದ. ಗುಂಡು ಹೊಡೆಯಲು ಅನುಮತಿ ಇರುವ ರೇಂಜ್‌ನಲ್ಲಿ, ಹಿಂದೆ ಗಟ್ಟಿ ಮಣ್ಣಿನ ದಿಬ್ಬ ಇರುವ ಕಡೆ ಮಾತ್ರ ಹೊಡೆಯಿರಿ. .22 ಗುಂಡು ಚಿಕ್ಕದೆಂದು ತೋಟದೊಳಗೆ ಪರೀಕ್ಷೆ ಬೇಡ. ಅದು ಒಂದೂವರೆ ಕಿಲೋಮೀಟರಿಗೂ ಆಚೆ ಹೋಗಬಲ್ಲದು. ಕಾಫಿ ಗಿಡಗಳ ನಡುವೆ ಯಾರು ಬಗ್ಗಿ ಕೆಲಸ ಮಾಡುತ್ತಿದ್ದಾರೋ ಕಾಣುವುದಿಲ್ಲ.

50 ಮೀಟರ್ ದೂರ. ಮರಳು ಚೀಲವನ್ನು ಬ್ಯಾರಲ್ ಕೂರುವ ಕೋವಿಯ ಮುಂದಿನ ಮರದ ಭಾಗದ ಕೆಳಗೆ ಇಡಿ, ಬ್ಯಾರಲ್ ಕೆಳಗೆ ಬೇಡ. ಒಂದೇ ಡಬ್ಬಿಯ ತೋಟೆ. ಒಂದು ಕಾಗದಕ್ಕೆ ಐದರಂತೆ ಮೂರು ಕಾಗದ. ಎಷ್ಟೇ ತಪ್ಪಿದರೂ ಗುರಿ ಬದಲಿಸಬೇಡಿ, ಅದೇ ಚುಕ್ಕಿಗೆ ಹೊಡೆಯುತ್ತಾ ಇರಿ. ಯಾವ ತೂತು ಎಷ್ಟನೇ ಗುಂಡಿನದು ಎಂದು ಪಕ್ಕದಲ್ಲಿ ಬರೆಯಿರಿ. ಈ ಅಂಕಿ ಬರೆಯುವ ಕೆಲಸ ಬೇಜಾರಿನದು, ಆದರೆ ಅರ್ಧ ಉತ್ತರ ಅದರಲ್ಲೇ ಇರುತ್ತದೆ.

ತೂತುಗಳೆಲ್ಲ ಒತ್ತೊತ್ತಾಗಿವೆ, ಜಾಗ ಮಾತ್ರ ಬೇರೆ

ಇದು ಒಳ್ಳೆಯ ಸುದ್ದಿ. ಐದೂ ಗುಂಡು ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಬಿದ್ದಿವೆ, ಆದರೆ ಚುಕ್ಕಿಯಿಂದ ನಾಲ್ಕು ಬೆರಳು ಬಲಕ್ಕೆ ಎಂದಾದರೆ ಬ್ಯಾರಲ್ ಚೆನ್ನಾಗಿದೆ, ನಿಮ್ಮ ಕೈಯೂ ಚೆನ್ನಾಗಿದೆ. ಏನೋ ಒಂದು ಸರಿದಿದೆ, ಅಷ್ಟೇ.

ಮೊದಲು ತೋಟೆಯ ಡಬ್ಬಿ ನೋಡಿ. ಏಪ್ರಿಲ್‌ನಲ್ಲಿ ಹೊಡೆದದ್ದೇ ಬ್ರ್ಯಾಂಡ್, ಅದೇ ಬಗೆಯಾ? ಸಾಮಾನ್ಯ .22 ತೋಟೆಯ ಗುಂಡು ಸೆಕೆಂಡಿಗೆ ಸುಮಾರು 330 ಮೀಟರ್ ವೇಗದಲ್ಲಿ ಹೊರಡುತ್ತದೆ. ಹೈ ವೆಲಾಸಿಟಿ ಎಂದು ಬರೆದದ್ದು 380ರ ಹತ್ತಿರ. ಅಷ್ಟರಲ್ಲೇ 50 ಮೀಟರ್‌ನಲ್ಲಿ ಸುಮಾರು 2 ಸೆಂಟಿಮೀಟರ್ ಮೇಲೆ ಕೆಳಗೆ ಆಗುತ್ತದೆ. ಬ್ರ್ಯಾಂಡ್ ಬದಲಾದರೆ ಅಡ್ಡಕ್ಕೂ ಸರಿಯಬಹುದು. ಹಬ್ಬದ ಹಿಂದಿನ ದಿನ ಅಂಗಡಿಯಲ್ಲಿ ಸಿಕ್ಕಿದ್ದನ್ನು ತಂದು, ಮರುದಿನ ಕೋವಿಯನ್ನು ಬೈಯುವುದು ಬಹಳ ಕಡೆ ನಡೆಯುತ್ತದೆ. ಎರಡು ಬಗೆಯ ತೋಟೆ ಒಂದೇ ಡಬ್ಬಿಯಲ್ಲಿ ಸೇರಿಹೋಗಿದ್ದರೆ ಕಾಗದದ ಮೇಲೆ ಎರಡು ಬೇರೆ ಬೇರೆ ಗುಂಪು ಕಾಣುತ್ತದೆ.

ತೋಟೆ ಅದೇ ಆಗಿದ್ದರೆ ಸೈಟ್, ಅಂದರೆ ಗುರಿ ಹಿಡಿಯಲು ಬ್ಯಾರಲ್ ಮೇಲಿರುವ ಗುರುತು ನೋಡಿ. ಸ್ಕೋಪ್ ಇಲ್ಲದ ಕೋವಿಯಲ್ಲಿ ಮುಂದಿನ ಸೈಟ್ ಒಂದು ಸಣ್ಣ ತೋಡಿನಲ್ಲಿ ಕೂತಿರುತ್ತದೆ. ಬಾಗಿಲಿಗೆ ಬಡಿದರೆ, ಕಪಾಟಿನಲ್ಲಿ ಬಿದ್ದರೆ ಪಕ್ಕಕ್ಕೆ ಜಾರುತ್ತದೆ. ಎರಡು ಸೈಟ್‌ಗಳ ನಡುವೆ 60 ಸೆಂಟಿಮೀಟರ್ ಇದ್ದರೆ, ಒಂದೇ ಒಂದು ಮಿಲಿಮೀಟರ್ ಜಾರಿದರೂ 50 ಮೀಟರ್‌ನಲ್ಲಿ ಗುಂಡು 8 ಸೆಂಟಿಮೀಟರ್ ಆಚೆ ಬೀಳುತ್ತದೆ. ಕಾಯಿಯ ಅರ್ಧ ಅಗಲಕ್ಕಿಂತ ಜಾಸ್ತಿ ಅದು. ಹಳೆಯ ಗುರುತಿನ ಗೀಟು ಇದ್ದರೆ ಕೂಡುತ್ತದೆಯಾ ನೋಡಿ. ಗೀಟಿನ ಪಕ್ಕದಲ್ಲಿ ಹೊಸದಾಗಿ ಹೊಳೆಯುವ ಲೋಹ ಕಂಡರೆ ಅದು ಸರಿದಿದೆ ಎಂದೇ ಅರ್ಥ.

ಸ್ಕೋಪ್ ಇದ್ದರೆ ಅದನ್ನು ಹಿಡಿದಿರುವ ರಿಂಗ್‌ಗಳನ್ನು, ಅವುಗಳ ಕೆಳಗಿನ ಬೇಸನ್ನು ಕೈಯಲ್ಲಿ ಹಿಡಿದು ಅಲುಗಾಡಿಸಿ. ಕೈಗೆ ಗೊತ್ತಾಗುವಷ್ಟು ಅಲುಗಿದರೆ ಇಷ್ಟು ಹೊತ್ತು ಹುಡುಕಿದ್ದು ಸಿಕ್ಕಿತು. ಸ್ಕ್ರೂ ಬಿಗಿ ಮಾಡಿ, ಮತ್ತೆ ಮೂರು ಕಾಗದ ಹೊಡೆಯಿರಿ. ಬಿಗಿ ಮಾಡಿದ ಮೇಲೆ ಸ್ಕ್ರೂ ತಲೆಯಿಂದ ಪಕ್ಕದ ಲೋಹಕ್ಕೆ ಉಗುರು ಬಣ್ಣದ ಒಂದು ಸಣ್ಣ ಗೀಟು ಎಳೆದಿಡಿ. ಮುಂದಿನ ಸಲ ಗೀಟು ಮುರಿದಿದ್ದರೆ ಸ್ಕ್ರೂ ತಿರುಗಿದೆ ಎಂದು ನೋಡಿದ ಕೂಡಲೇ ಗೊತ್ತಾಗುತ್ತದೆ. ಈ ಬಣ್ಣ ನಾನು ಹೆಂಡತಿಯ ಡ್ರಾಯರಿನಿಂದ ತೆಗೆದದ್ದು. ಕೇಳಿ ತೆಗೆಯಿರಿ.

ತೂತುಗಳು ಚೆಲ್ಲಾಪಿಲ್ಲಿ

ಒಂದು ಮೇಲೆ, ಒಂದು ಎಡಕ್ಕೆ, ಒಂದು ಕಾಗದದಲ್ಲೇ ಇಲ್ಲ. ಇಲ್ಲಿ ಸ್ಕೋಪ್ ತಿರುಗಿಸಿ ಪ್ರಯೋಜನವೇ ಇಲ್ಲ. ಚೆದುರಿದ್ದನ್ನು ಎಲ್ಲಿಗೆ ಸರಿಸಿದರೂ ಚೆದುರಿಯೇ ಇರುತ್ತದೆ.

ಮೊದಲ ಅನುಮಾನ ನಮ್ಮ ಮೇಲೇ ಬರಲಿ. ಅದೇ ಕೋವಿ, ಅದೇ ಡಬ್ಬಿಯನ್ನು ಚೆನ್ನಾಗಿ ಹೊಡೆಯುವ ಇನ್ನೊಬ್ಬರ ಕೈಗೆ ಕೊಡಿ. ಅವರ ಐದು ಗುಂಡು ಒತ್ತಾಗಿ ಬಿದ್ದರೆ ರಿಪೇರಿ ಬೇಕಾದ್ದು ಕೋವಿಗಲ್ಲ. ನಮ್ಮ ಮಾವ ಎರಡು ವರ್ಷ ತಮ್ಮ ರೈಫಲ್ ಕೆಟ್ಟಿದೆ ಎಂದೇ ನಂಬಿದ್ದರು. ಕಡೆಗೆ ನೋಡಿದರೆ ನಲವತ್ತೈದು ದಾಟಿದ ಕಣ್ಣಿಗೆ ಮುಂದಿನ ಸೈಟ್ ಮಸುಕಾಗುತ್ತಿತ್ತು. "ಕೋವಿ ಸರಿ ಇದೆ ಮಾವ, ಕನ್ನಡಕ ಮಾಡಿಸಿ" ಎಂದು ಹೇಳುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ, ಅಷ್ಟೇ.

ಇಬ್ಬರಿಗೂ ಚೆದುರಿದರೆ ಆಕ್ಷನ್ ಸ್ಕ್ರೂ ನೋಡಿ. ಕೋವಿಯ ಕಬ್ಬಿಣದ ಭಾಗವನ್ನು ಮರಕ್ಕೆ ಹಿಡಿದಿಡುವ ಸ್ಕ್ರೂ ಅದು. ಟ್ರಿಗರಿನ ಮುಂದೆ ಒಂದು, ಕೆಲವದರಲ್ಲಿ ಹಿಂದೆ ಇನ್ನೊಂದು. ಮಳೆಗಾಲದಲ್ಲಿ ಮರ ಊದಿಕೊಂಡು ಸ್ಕ್ರೂ ತಲೆಯ ಕೆಳಗೆ ತಾನೇ ಒತ್ತಿಹೋಗುತ್ತದೆ. ಆಮೇಲೆ ಒಣಗಿ ಕುಗ್ಗಿದಾಗ ಸ್ಕ್ರೂ ಸಡಿಲ. ಯಾರೂ ಮುಟ್ಟಿರುವುದಿಲ್ಲ, ಆದರೂ ಸಡಿಲ. ತಲೆಯ ಸೀಳಿಗೆ ಸರಿಯಾಗಿ ಕೂರುವ ಸ್ಕ್ರೂಡ್ರೈವರ್ ತೆಗೆದುಕೊಳ್ಳಿ. ಕೋವಿಯನ್ನು ಹಿಡಿಯ ಮೇಲೆ ನೆಟ್ಟಗೆ ನಿಲ್ಲಿಸಿಕೊಂಡು, ಬೆರಳಿನ ಬಲದಲ್ಲಿ ಬಿಗಿ ಮಾಡಿ. ಮಣಿಕಟ್ಟು ತಿರುಚಿ ಬಿಗಿದರೆ ಮರ ಸೀಳುತ್ತದೆ.

ಆಮೇಲೆ ಬ್ಯಾರಲಿನ ಬಾಯಿ. ಗುಂಡು ಕೊನೆಯದಾಗಿ ಮುಟ್ಟಿ ಹೋಗುವ ಅಂಚು ಅದು. ಅಲ್ಲಿ ಒಂದು ಕಡೆ ಕಚ್ಚು ಬಿದ್ದಿದ್ದರೆ ಗುಂಡಿನ ಹಿಂದಿನ ಗಾಳಿ ಒಂದು ಪಕ್ಕದಿಂದ ಮೊದಲು ನುಗ್ಗಿ ಗುಂಡನ್ನು ಓರೆ ಮಾಡುತ್ತದೆ. ಬೋಲ್ಟ್ ತೆಗೆದಿಟ್ಟು, ಕಿವಿಗೆ ಹಾಕುವ ಹತ್ತಿ ಕಡ್ಡಿಯನ್ನು ಒಳ ಅಂಚಿನ ಸುತ್ತ ಮೆಲ್ಲಗೆ ತಿರುಗಿಸಿ. ಎಲ್ಲಾದರೂ ಎಳೆ ಸಿಕ್ಕಿಕೊಂಡರೆ ಅಲ್ಲಿ ಕಚ್ಚು ಇದೆ. ಬಹಳ ಸಲ ಇದನ್ನು ಮಾಡಿದವರು ನಾವೇ. ಬಾಯಿಯ ಕಡೆಯಿಂದ ಕಬ್ಬಿಣದ ಸರಳು ಹಾಕಿ ಪ್ರತಿ ವರ್ಷ ತಿಕ್ಕಿದ್ದರ ಫಲ. ಸರಳು ಯಾವಾಗಲೂ ಹಿಂದಿನಿಂದ ಹೋಗಬೇಕು. ಕಚ್ಚು ಕಂಡರೆ ಅರ ಹಿಡಿದು ಕೂರಬೇಡಿ, ಅದು ಕೋವಿ ರಿಪೇರಿ ಮಾಡುವ ಗನ್‌ಸ್ಮಿತ್ ಕೆಲಸ.

ಬ್ಯಾರಲ್ ಒಳಗೆ ಬಿಳಿ ಬಟ್ಟೆ ಹಾಯಿಸಿ. ಕಪ್ಪು ಬಂದರೆ ಮಾಮೂಲಿ ಮಸಿ. ಕಂದು ಬಂದರೆ ತುಕ್ಕು. ಚೇಂಬರ್ ದಾಟಿದ ಕೂಡಲೇ ಒರಟಾಗಿ ತಡೆದಂತಾದರೆ ಸೀಸ ಮೆತ್ತಿಕೊಂಡಿರಬಹುದು. .22 ಬ್ಯಾರಲನ್ನು ಅತಿಯಾಗಿ ತಿಕ್ಕುವುದೂ ತಪ್ಪು. ಎಣ್ಣೆ ಹಾಕಿದ ಎರಡು ಬಟ್ಟೆ, ಒಣ ಬಟ್ಟೆ ಮೂರು, ಸಾಕು. ತುಕ್ಕು ಹೋದ ಮೇಲೂ ಸಣ್ಣ ಸಣ್ಣ ಗುಂಡಿ ಉಳಿದಿದ್ದರೆ ಮನೆಯಲ್ಲಿ ಮಾಡುವಂಥದ್ದು ಏನೂ ಇಲ್ಲ.

ಮೊದಲೆರಡು ಸರಿ, ಆಮೇಲೆ ಒಂದೇ ಕಡೆಗೆ ಜಾರುತ್ತಾ ಹೋಗುತ್ತದೆ

ಕಾಗದದ ಮೇಲೆ ಅಂಕಿ ಬರೆಯಿರಿ ಎಂದಿದ್ದು ಇದಕ್ಕೇ. ಒಂದು, ಎರಡು ಚುಕ್ಕಿಯ ಹತ್ತಿರ. ಮೂರು ಸ್ವಲ್ಪ ಎಡಕ್ಕೆ, ನಾಲ್ಕು ಇನ್ನೂ ಎಡಕ್ಕೆ, ಐದು ಮತ್ತೂ ಆಚೆ. ಹತ್ತು ನಿಮಿಷ ತಣಿಯಲು ಬಿಟ್ಟು ಹೊಡೆದರೆ ಮತ್ತೆ ಚುಕ್ಕಿಯ ಹತ್ತಿರ. .315ರಂಥ ದೊಡ್ಡ ತೋಟೆಯ ಕೋವಿಯಲ್ಲಿ ಇದು ಎದ್ದು ಕಾಣುತ್ತದೆ. .22 ಅಷ್ಟು ಬಿಸಿಯಾಗುವುದಿಲ್ಲ, ಅದರಲ್ಲಿ ಇಡೀ ಗುಂಪೇ ಒಂದು ಪಕ್ಕಕ್ಕೆ ಹೋಗಿ ಕೂತಿರುತ್ತದೆ. ಎರಡಕ್ಕೂ ಕಾರಣ ಒಂದೇ ಇರಬಹುದು. ಮರ.

ನಮ್ಮ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಹವೆ ಗೊತ್ತಲ್ಲ. ಬಟ್ಟೆ ಒಣಗುವುದಿಲ್ಲ, ಉಪ್ಪು ನೀರಾಗುತ್ತದೆ, ಬಾಗಿಲು ಚೌಕಟ್ಟಿಗೆ ಸಿಕ್ಕಿಕೊಳ್ಳುತ್ತದೆ. ಬಾಗಿಲಿಗೆ ಆದದ್ದೇ ಕೋವಿಯ ಮರಕ್ಕೂ ಆಗುತ್ತದೆ. ಮರ ತೇವ ಹೀರಿದಾಗ ಉದ್ದಕ್ಕೆ ಹೆಚ್ಚು ಬೆಳೆಯುವುದಿಲ್ಲ, ಅಡ್ಡಕ್ಕೆ ಊದುತ್ತದೆ. ಎರಡೂ ಪಕ್ಕ ಸಮನಾಗಿಯೂ ಊದುವುದಿಲ್ಲ. ಹೊರಗೆ ಪಾಲಿಶ್ ಇದ್ದರೂ ಬ್ಯಾರಲ್ ಕೂರುವ ಒಳಗಿನ ತೋಡಿಗೆ ಎಷ್ಟೋ ಕೋವಿಗಳಲ್ಲಿ ಏನೂ ಬಳಿದಿರುವುದಿಲ್ಲ. ತೇವ ಅಲ್ಲಿಂದ ಒಳಗೆ ಹೋಗುತ್ತದೆ. ಏಪ್ರಿಲ್‌ನಲ್ಲಿ ಬ್ಯಾರಲಿನಿಂದ ದೂರ ಇದ್ದ ಮರ ಸೆಪ್ಟೆಂಬರಿನಲ್ಲಿ ಒಂದು ಪಕ್ಕದಿಂದ ಅದನ್ನು ದೂಡುತ್ತಾ ನಿಂತಿರುತ್ತದೆ. ಗುಂಡು ಹಾರಿದಾಗ ಬ್ಯಾರಲ್ ಅದುರುತ್ತದೆ. ಒಂದು ಪಕ್ಕ ಒತ್ತಿ ಹಿಡಿದರೆ ಆ ಅದುರುವಿಕೆಯ ದಿಕ್ಕೇ ಬದಲಾಗುತ್ತದೆ.

ಪರೀಕ್ಷೆಗೆ ಬೇಕಾದ್ದು ಒಂದು ನೋಟು. ಖಾಲಿ ಕೋವಿಯ ಬ್ಯಾರಲ್ ಮತ್ತು ಮುಂದಿನ ಮರದ ನಡುವೆ ನೋಟು ತೂರಿಸಿ, ಹಿಂದಕ್ಕೆ ಎಳೆದುಕೊಂಡು ಹೋಗಿ. ಚೇಂಬರಿನ ಹತ್ತಿರದವರೆಗೆ ತಡೆಯಿಲ್ಲದೆ ಬಂದರೆ ಮರ ತಾಗುತ್ತಿಲ್ಲ. ನಡುವೆ ಒಂದು ಪಕ್ಕ ಸಿಕ್ಕಿಕೊಂಡರೆ ಅಲ್ಲಿ ಒತ್ತುತ್ತಿದೆ. ಯಾವ ಪಕ್ಕ ಎಂದು ಬರೆದಿಡಿ, ಮತ್ತು ಗುಂಡು ಯಾವ ಕಡೆಗೆ ಹೋಗುತ್ತಿತ್ತು ಎಂದು ಹೋಲಿಸಿ ನೋಡಿ.

ಇನ್ನೊಂದು ಪರೀಕ್ಷೆ ನನಗೆ ಬಹಳ ಇಷ್ಟ. ಕೋವಿಯನ್ನು ನೆಟ್ಟಗೆ ನಿಲ್ಲಿಸಿ, ಮುಂದಿನ ಮರ ಮುಗಿಯುವಲ್ಲಿ ಬೆರಳನ್ನು ಮರ ಮತ್ತು ಬ್ಯಾರಲ್ ಎರಡನ್ನೂ ಮುಟ್ಟುವಂತೆ ಇಡಿ. ಇನ್ನೊಂದು ಕೈಯಲ್ಲಿ ಮುಂದಿನ ಆಕ್ಷನ್ ಸ್ಕ್ರೂವನ್ನು ಮೆಲ್ಲಗೆ ಸಡಿಲ ಮಾಡಿ, ಮತ್ತೆ ಬಿಗಿ ಮಾಡಿ. ಬ್ಯಾರಲ್ ಅಲುಗಿದ್ದು ಬೆರಳಿಗೆ ಗೊತ್ತಾದರೆ ಕಬ್ಬಿಣ ಮರದಲ್ಲಿ ಸರಿಯಾಗಿ ಕೂತಿಲ್ಲ. ಸ್ಕ್ರೂ ಅದನ್ನು ಬಗ್ಗಿಸಿ ಹಿಡಿದಿದೆ ಅಷ್ಟೇ. ನನ್ನ ಕೋವಿಯಲ್ಲಿ ನೋಟು ಎಡಗಡೆ ಸಿಕ್ಕಿತು, ಬೆರಳಿಗೂ ಅಲುಗಾಟ ಗೊತ್ತಾಯಿತು. ಐವತ್ತು ತೋಟೆ ಹೇಳದ್ದನ್ನು ಹತ್ತು ರೂಪಾಯಿ ನೋಟು ಹೇಳಿತು.

ಈಗ ಮರಳು ಕಾಗದ ಹಿಡಿಯುವ ಆಸೆ ಬರುತ್ತದೆ. ತಡೆಯಿರಿ. ಬ್ರಿಟಿಷ್ ಸೈನ್ಯದ ಲೀ-ಎನ್‌ಫೀಲ್ಡ್ ವಂಶದ ಹಳೆಯ ರೈಫಲ್‌ಗಳಲ್ಲಿ ಮುಂದಿನ ಮರ ಬ್ಯಾರಲ್‌ಗೆ ಬೇಕೆಂದೇ ತಾಗುವಂತೆ ಮಾಡಿರುವುದುಂಟು. ನಮ್ಮ ಇಶಾಪುರ ಕಾರ್ಖಾನೆಯ .315 ಅದೇ ವಂಶದ್ದು. ಅಂಥದ್ದರಲ್ಲಿ ಮರ ಕೆರೆದರೆ ಇದ್ದದ್ದೂ ಹಾಳು. ಮಾಮೂಲಿ .22ರಲ್ಲೂ ಈಗ ಊದಿದ ಮರವನ್ನು ಕೆರೆದರೆ ಜನವರಿಯಲ್ಲಿ ಬೇಡದ ಸಂದು ಉಳಿಯುತ್ತದೆ. ಕೋವಿಯನ್ನು ಒಣ ಕೋಣೆಯಲ್ಲಿ ಎರಡು ಮೂರು ವಾರ ಇಡಿ. ಒಲೆಯ ಪಕ್ಕ ಬೇಡ, ಬಿಸಿಲಿಗೂ ಬೇಡ, ಮರ ಸೀಳೀತು. ಆಮೇಲೆ ಮತ್ತೆ ನೋಟು ಹಾಕಿ ನೋಡಿ. ತಾನಾಗಿ ಬಿಟ್ಟುಕೊಂಡರೆ ಒಣ ಕಾಲದಲ್ಲಿ ಆ ಒಳಗಿನ ತೋಡಿಗೆ ಸೀಲರ್ ಬಳಿಸಿ. ಬಿಟ್ಟುಕೊಳ್ಳದಿದ್ದರೆ ಗನ್‌ಸ್ಮಿತ್ ಹತ್ತಿರ ಹೋಗಿ.

ಎಣ್ಣೆಯ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. ಮಳೆಗೆ ಮುಂಚೆ ಧಾರಾಳವಾಗಿ ಎಣ್ಣೆ ಸುರಿದು, ಬಾಯಿ ಮೇಲೆ ಮಾಡಿ ನಿಲ್ಲಿಸುವುದು ನಮ್ಮಲ್ಲಿ ರೂಢಿ. ಆ ಎಣ್ಣೆ ಇಳಿದು ಬೋಲ್ಟ್ ಕೂರುವ ಆಕ್ಷನ್ ಭಾಗದ ಹಿಂದಿನ ಮರಕ್ಕೆ ಸೇರುತ್ತದೆ. ವರ್ಷ ವರ್ಷ ಕುಡಿದ ಮರ ಕಪ್ಪಗಾಗಿ ಮೆತ್ತಗಾಗುತ್ತದೆ, ಸ್ಕ್ರೂ ಹಿಡಿತ ನಿಲ್ಲುವುದಿಲ್ಲ. ತೆಳ್ಳಗೆ ಸವರಿ, ಮೊದಲ ಎರಡು ದಿನ ಬಾಯಿ ಕೆಳಗೆ ಮಾಡಿ ಇಡಿ.

ಮೊದಲ ಗುಂಡು ಮಾತ್ರ ಎಲ್ಲೋ ಹೋಗುತ್ತದೆ

ಒಳಗೆ ಎಣ್ಣೆ ಉಳಿದಿದೆ. ಹೊಡೆಯುವ ಮೊದಲು ಒಣ ಬಟ್ಟೆ ಹಾಯಿಸಿ. .22 ಗುಂಡಿಗೆ ಮೇಣದಂಥ ಲೇಪ ಇರುತ್ತದೆ. ಶುದ್ಧ ಮಾಡಿದ ಬ್ಯಾರಲ್‌ಗೆ ಆ ಲೇಪ ಮತ್ತೆ ಕೂರಲು ಐದು ಹತ್ತು ಗುಂಡು ಬೇಕಾಗುತ್ತದೆ. ಸ್ಪರ್ಧೆಯ ಬೆಳಿಗ್ಗೆ ಬ್ಯಾರಲ್ ತಿಕ್ಕಿ ಹೋಗುವವರು ಇದನ್ನು ನೆನಪಿಡಬೇಕು.

ಸಾಲಾಗಿ ಬೀಳುತ್ತವೆ

ಮೇಲಿಂದ ಕೆಳಕ್ಕೆ ಸಾಲಾದರೆ ಒಂದೊಂದು ತೋಟೆಯ ವೇಗ ಒಂದೊಂದು ಥರ ಇದೆ, ಇಲ್ಲವೇ ಉಸಿರು ಹಿಡಿಯುವುದು ತಪ್ಪುತ್ತಿದೆ. ಹಳೆಯ, ತೇವ ತಾಗಿದ ಡಬ್ಬಿ ಬಿಟ್ಟು ಹೊಸದನ್ನು ಹೊಡೆದು ನೋಡಿ. ಅಡ್ಡಕ್ಕೆ ಸಾಲಾದರೆ ಗಾಳಿ ಅಥವಾ ಟ್ರಿಗರ್ ಜಗ್ಗುವುದು. ಗಂಟೆಗೆ 16 ಕಿಲೋಮೀಟರ್ ವೇಗದ ಅಡ್ಡಗಾಳಿ .22 ಗುಂಡನ್ನು 50 ಮೀಟರ್‌ನಲ್ಲಿ ಎರಡು ಸೆಂಟಿಮೀಟರಿಗಿಂತ ಜಾಸ್ತಿ ಸರಿಸುತ್ತದೆ. ಬಯಲಿನಲ್ಲಿ ಅದೇನೂ ದೊಡ್ಡ ಗಾಳಿಯಲ್ಲ.

ಸ್ಕೋಪ್ ಒಳಗೆ ಮಂಜು, ಜೇಡನ ಬಲೆಯಂಥ ಎಳೆ

ಹೊರಗಿನ ಗಾಜು ಒರೆಸಿದರೂ ಹೋಗದಿದ್ದರೆ ತೇವ ಒಳಗೆ ಸೇರಿದೆ. ಎಳೆ ಎಳೆಯಾಗಿ ಕಂಡರೆ ಬೂಷ್ಟು. ನಮ್ಮೂರಿನಲ್ಲಿ ಕ್ಯಾಮೆರಾ, ಬೈನಾಕ್ಯುಲರ್ ಎಲ್ಲಕ್ಕೂ ಇದೇ ಗತಿ. ಮನೆಯಲ್ಲಿ ಬಿಚ್ಚಬೇಡಿ. ಮಂಜಿಲ್ಲದಿದ್ದರೂ ಸ್ಕೋಪ್ ಒಳಗೆ ಸಡಿಲವಾಗಿರಬಹುದು ಎಂಬ ಅನುಮಾನ ಇದ್ದರೆ, ಸರಿಯಾಗಿದೆ ಎಂದು ಗೊತ್ತಿರುವ ಬೇರೆ ಸ್ಕೋಪ್ ಕೂರಿಸಿ ಹೊಡೆಯಿರಿ. ಸ್ಕೋಪ್ ಇಲ್ಲದೆ ಬರೀ ಸೈಟ್‌ನಲ್ಲಿ ಹೊಡೆದರೂ ಆದೀತು. ತೂತುಗಳು ಹತ್ತಿರ ಬಂದರೆ ಕಳ್ಳ ಸಿಕ್ಕಿದ.

ಇವು ಕಂಡರೆ ಅಲ್ಲಿಗೇ ನಿಲ್ಲಿಸಿ

"ಢಂ" ಅನ್ನುವ ಬದಲು "ಟುಪ್" ಎಂದಿತಾ? ಇನ್ನೊಂದು ಗುಂಡು ಹೊಡೆಯಲೇಬೇಡಿ. ಮೊದಲಿನದು ಬ್ಯಾರಲ್ ಒಳಗೇ ಸಿಕ್ಕಿಕೊಂಡಿರಬಹುದು. ಟ್ರಿಗರ್ ಒತ್ತಿದರೂ ಹಾರದಿದ್ದರೆ ಬಾಯಿಯನ್ನು ಗುರಿಯ ಕಡೆಗೇ ಹಿಡಿದು ಕನಿಷ್ಠ 30 ಸೆಕೆಂಡ್ ಕಾಯಿರಿ, ಆಮೇಲೆ ಬೋಲ್ಟ್ ತೆಗೆಯಿರಿ. ತಡವಾಗಿ ಹಾರುವ ತೋಟೆಯೂ ಇರುತ್ತದೆ.

ಕಾಗದದಲ್ಲಿ ದುಂಡು ತೂತಿನ ಬದಲು ಉದ್ದುದ್ದ ಸೀಳು ಕಂಡರೆ ಗುಂಡು ಮಗುಚಿಕೊಂಡು ಹೋಗುತ್ತಿದೆ. ತಪ್ಪು ತೋಟೆ, ಸವೆದ ಬ್ಯಾರಲ್ ಅಥವಾ ಹಾಳಾದ ಬಾಯಿ, ಮೂರರಲ್ಲಿ ಒಂದು. ಅಂಥ ಗುಂಡು ಎಲ್ಲಿಗೆ ಹೋಗುತ್ತದೆ ಎಂದು ಹೇಳಲಾಗುವುದಿಲ್ಲ. ಹೊಡೆದ ಮೇಲೆ ಬೋಲ್ಟ್ ಎತ್ತಲು ಕಷ್ಟವಾದರೆ, ಖಾಲಿ ತೋಟೆ ಸೀಳಿದ್ದರೆ, ಮುಖಕ್ಕೆ ಬಿಸಿ ಗಾಳಿ ಬಡಿದರೆ, ಬ್ಯಾರಲ್ ಮೇಲೆ ಬೆರಳಾಡಿಸಿದಾಗ ಉಬ್ಬು ಸಿಕ್ಕರೆ ಅವತ್ತಿನ ಹಬ್ಬ ಅಲ್ಲಿಗೆ ಮುಗಿಯಿತು.

ರಿಪೇರಿಗೆ ಲೈಸೆನ್ಸ್ ಇರುವ ಗನ್‌ಸ್ಮಿತ್ ಹತ್ತಿರ ಮಾತ್ರ ಹೋಗಿ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಕೋವಿ ರಿಪೇರಿ ಮಾಡುವವರಿಗೂ ಲೈಸೆನ್ಸ್ ಬೇಕು. ಕೊಡಗಿನಲ್ಲಿ ನಮಗೆ ಲೈಸೆನ್ಸ್‌ನಿಂದ ವಿನಾಯಿತಿ ಇದೆ ಎಂದುಕೊಂಡು ಊರಿನ ಲೇತ್ ಅಂಗಡಿಯಲ್ಲಿ ಬಾಯಿ ಕತ್ತರಿಸಿಕೊಡು ಎಂದು ಕೇಳುವವರಿದ್ದಾರೆ. ವಿನಾಯಿತಿ ಇರುವುದು ಇಟ್ಟುಕೊಳ್ಳುವುದಕ್ಕೆ. ನಿಮ್ಮ ವಿನಾಯಿತಿ ಪತ್ರವೂ ಜೊತೆಗಿರಲಿ.

ಹೋಗುವಾಗ ಆ ಮೂರು ಕಾಗದಗಳನ್ನು, ಖಾಲಿ ತೋಟೆಗಳನ್ನು, ಡಬ್ಬಿಯ ರಟ್ಟನ್ನು ತೆಗೆದುಕೊಂಡು ಹೋಗಿ. ನಾನು ಕಾಗದ ಮೇಜಿನ ಮೇಲೆ ಹರಡಿ, ನೋಟು ಎಲ್ಲಿ ಸಿಕ್ಕಿತು ಎಂದು ತೋರಿಸಿದೆ. ಆತ ಕೋವಿಯ ಕಡೆ ನೋಡುವ ಮೊದಲು ಕೇಳಿದ್ದು, "ಸ್ಕೋಪ್ ಮುಟ್ಟಿದ್ದೀರಾ?" ಎಂದು. ಮುಟ್ಟಿದ್ದೇನೆ ಎಂದೆ. ಮರದ ಕೆಲಸ ಅರ್ಧ ದಿನದಲ್ಲಿ ಮುಗಿಯಿತು. ಸ್ಕೋಪನ್ನು ಮತ್ತೆ ಏಪ್ರಿಲ್‌ನ ಜಾಗಕ್ಕೆ ತರಲು ಇನ್ನೂ ಇಪ್ಪತ್ತು ತೋಟೆ ಹಿಡಿಯಿತು.